ಗ್ರೈಂಡರ್ ಕೊಳ್ಳಲೇ, ಇರುವ ಮಿಕ್ಸಿಯಲ್ಲೇ ಸಾಗಿಸಲೇ? ಅನುಭವವಿದ್ದವರು ಹೇಳಿ

ಹಾಸನ, ಬಾಡಿಗೆ ಮನೆ:
ನಾವು ನಾಲ್ಕು ಜನ. ಬಿ.ಎಂ. ರಸ್ತೆಯ ಹತ್ತಿರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ವಾರಕ್ಕೆ ಎರಡು ಸಲ ಇಡ್ಲಿ ಅಥವಾ ದೋಸೆ, ಉಳಿದಂತೆ ಚಟ್ನಿ, ಬಸ್ಸಾರಿನ ಖಾರ. 750 ವ್ಯಾಟಿನ ಮಿಕ್ಸಿ ಇದೆ. ಉದ್ದು ರುಬ್ಬುವಾಗ ಜಾರ್ ಸುಡುವಷ್ಟು ಬಿಸಿಯಾಗುತ್ತದೆ, ಅರ್ಧಕ್ಕೆ ನಿಂತೂ ಬಿಡುತ್ತದೆ. ಇಡ್ಲಿ ಗಟ್ಟಿ. ಎರಡು ಲೀಟರಿನ ಗ್ರೈಂಡರ್ ತರೋಣವೆಂದರೆ ಅಡುಗೆಮನೆಯ ಕಟ್ಟೆ ಚಿಕ್ಕದು, ಕೆಳಗೆ ಮನೆಯ ಮಾಲೀಕರಿದ್ದಾರೆ, ಸದ್ದಿನ ಭಯ. ಅತ್ತೆಯವರು ದುಡ್ಡು ದಂಡ ಎನ್ನುತ್ತಾರೆ. ಏನು ಮಾಡಲಿ?

ಹೊಳೆನರಸೀಪುರದ ಸೊಸೆ:
ಕೊಳ್ಳಿ. ಎರಡನೇ ಯೋಚನೆ ಬೇಡ. ನಾನು ಕೊಂಡಿದ್ದು 2022ರ ಜುಲೈಯಲ್ಲಿ ಗ್ರೈಂಡರಿನ ಜಿ.ಎಸ್.ಟಿ. ಶೇ 5ರಿಂದ ಶೇ 18ಕ್ಕೆ ಏರಿದ ಮೇಲೆ. ಅದಕ್ಕೂ ಮೊದಲೇ ಕೊಳ್ಳೋಣವೆಂದು ಮನೆಯವರಿಗೆ ಹೇಳುತ್ತಲೇ ಇದ್ದೆ, ‘ಹಬ್ಬಕ್ಕೆ ನೋಡೋಣ’ ಎಂದರು. ಹಬ್ಬ ಬಂತು, ಬೆಲೆಯೂ ಏರಿತ್ತು. 5,400 ರೂಪಾಯಿ. ಅಂಗಡಿಯವನು ಮನೆಗೆ ತಲುಪಿಸುತ್ತೇನೆ ಎಂದವನು ಕೊನೆಗೆ ಆಟೋಗೆ 120 ನಮ್ಮಿಂದಲೇ ಕೊಡಿಸಿದ. ಒಂದು ವರ್ಷ ತುಂಬುವುದರೊಳಗೆ ಬೆಲ್ಟ್ ಸಡಿಲವಾಯಿತು, 180. ಆಮೇಲೆ ಗುಂಡುಕಲ್ಲಿನ ಒಳಗಿನ ಬಿಳಿ ಬುಷ್ ಸವೆದು ಕಲ್ಲು ಓಲಾಡತೊಡಗಿತು, ಎರಡು ಗುಂಡುಕಲ್ಲಿನ ಬುಷ್‌ಗೂ ಸೇರಿ 240. ಹಿಟ್ಟು ಸವರುವ ಪಟ್ಟಿ ಮುರಿಯಿತು. ಅದೊಂದನ್ನೇ ಕೊಡುವುದಿಲ್ಲ, ಪೂರ್ತಿ ಜೋಡಣೆಯನ್ನೇ ತೆಗೆದುಕೊಳ್ಳಬೇಕು ಎಂದು 350 ವಸೂಲು ಮಾಡಿದರು. ಈ ಅನ್ಯಾಯ ನನಗೆ ಇನ್ನೂ ಅರಗಿಲ್ಲ.

ಇಷ್ಟಾದರೂ ಹೇಳುತ್ತೇನೆ, ಕೊಳ್ಳಿ. ಒಂದು ಲೋಟ ಗುಂಡು ಉದ್ದು ಹಾಕಿ, ಆಗಾಗ ನೀರು ಚಿಮುಕಿಸುತ್ತಾ ಅರ್ಧ ಗಂಟೆ ಬಿಟ್ಟರೆ ಪಾತ್ರೆ ತುಂಬ ಹಿಟ್ಟು ಉಬ್ಬಿ ನಿಲ್ಲುತ್ತದೆ. ಒಂದಕ್ಕೆ ನಾಲ್ಕು ಅಕ್ಕಿ ಹಾಕಿದರೂ ಇಡ್ಲಿ ಮೆತ್ತಗಿರುತ್ತದೆ. ಮಿಕ್ಸಿಯಲ್ಲಿ ಒಂದಕ್ಕೆ ಎರಡೂವರೆ ದಾಟಿದರೆ ಕಲ್ಲೇ. ಉದ್ದಿನ ಬೆಲೆಯಲ್ಲಿ ಉಳಿದ ಹಣ ಲೆಕ್ಕ ಹಾಕಿದರೆ ಗ್ರೈಂಡರ್ ತನ್ನ ಸಾಲ ತಾನೇ ತೀರಿಸಿದೆ.

ಕಡೂರಿನ ಮೇಷ್ಟ್ರು:
ಗಟ್ಟಿ ಇಡ್ಲಿಗೆ ಮಿಕ್ಸಿಯನ್ನು ದೂರುವುದು ಸರಿಯಲ್ಲ. ನಮ್ಮ ಮನೆಯಲ್ಲಿ ನಿವೃತ್ತಿಯ ನಂತರ ಹಿಟ್ಟಿನ ಕೆಲಸ ನನ್ನದೇ, ಎಲ್ಲವೂ ಮಿಕ್ಸಿಯಲ್ಲಿ. ಅದು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಯಂತ್ರ. ಬ್ಲೇಡ್ ಕತ್ತರಿಸುತ್ತದೆ, ಅರೆಯುವುದಿಲ್ಲ. ಆ ವೇಗಕ್ಕೆ ಹಿಟ್ಟು ಬಿಸಿಯಾಗಿಯೇ ಆಗುತ್ತದೆ. ಹಾಗಾಗಿ ನೆನೆಸಿದ ಉದ್ದನ್ನು ಪಾತ್ರೆ ಸಮೇತ ಫ್ರಿಜ್ಜಿನಲ್ಲಿಡಬೇಕು, ರುಬ್ಬುವ ನೀರೂ ತಣ್ಣಗಿರಬೇಕು. ಜಾರಿನ ಮೂರನೇ ಒಂದು ಪಾಲು ಮಾತ್ರ ತುಂಬಿ, ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಬದಿಯದನ್ನು ಕೆಳಗೆ ತಳ್ಳಿ ಮತ್ತೆ ತಿರುಗಿಸಬೇಕು. ನಿಂತುಹೋಯಿತು ಎಂದಿರಲ್ಲ, ಅದು ಮೋಟಾರು ಸುಡದಂತೆ ಕಾಯುವ ವ್ಯವಸ್ಥೆ. ಮಿಕ್ಸಿಯ ತಳದಲ್ಲಿ ಕೆಂಪು ಗುಂಡಿ ಇರುತ್ತದೆ, ತಣ್ಣಗಾದ ಮೇಲೆ ಅದನ್ನು ಒತ್ತಿ.

ಖರ್ಚೂ ಕೇಳಿ. ಜಾರಿಗೆ ಹೊಸ ಬ್ಲೇಡ್ 260, ಕಪ್ಲರ್ 60, ಕಾರ್ಬನ್ ಬ್ರಷ್ ಕೂಲಿ ಸೇರಿ 200. ಹಲವು ವರ್ಷಗಳಲ್ಲಿ ಆದ ಒಟ್ಟು ಖರ್ಚು ಇದು. ಮೇಲಿನ ತಂಗಿ ಬೆಲ್ಟಿಗೂ ಬುಷ್‌ಗೂ ಪಟ್ಟಿಗೂ ಕೊಟ್ಟದ್ದನ್ನು ಕೂಡಿದರೆ 770 ಆಯಿತು, ಅಸಲು ಬೇರೆ. ಉದ್ದಿನಲ್ಲಿ ಅದೆಷ್ಟು ಉಳಿಯಿತೋ ನನಗೆ ತಿಳಿಯಲಿಲ್ಲ.

ಹೊಳೆನರಸೀಪುರದ ಸೊಸೆ:
ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಎಷ್ಟು ಜನ? ಗಂಡ ಹೆಂಡತಿ ಇಬ್ಬರಿಗೆ ಅರ್ಧ ನಿಮಿಷ ತಿರುಗಿಸಿ ನಿಲ್ಲಿಸಿ ನಡೆಯುತ್ತದೆ. ನಮ್ಮಲ್ಲಿ ಏಳು ಜನ ಉಣ್ಣುವವರು. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಹೊಲಕ್ಕೆ ಬುತ್ತಿ ಕಳಿಸಿ, ಆಮೇಲೆ ಮಿಕ್ಸಿಯ ಮುಂದೆ ನಿಂತು ಬದಿಯದನ್ನು ತಳ್ಳುತ್ತಾ ಕೂರುವ ಪುರಸೊತ್ತು ನನಗಿಲ್ಲ. ಗ್ರೈಂಡರ್ ತಿರುಗುತ್ತಿರುವಾಗ ನಾನು ಸೊಪ್ಪು ಬಿಡಿಸುತ್ತೇನೆ. ಆ ಅರ್ಧ ಗಂಟೆಗೆ ನಿಮ್ಮ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಕೊಪ್ಪ, ಹಳೇಮನೆ:
ಇಬ್ಬರೂ ಕರೆಂಟು ಇದೆಯೆಂದುಕೊಂಡೇ ಮಾತನಾಡುತ್ತಿದ್ದೀರಿ. ನಮ್ಮ ಕಡೆ ಆಷಾಢ, ಶ್ರಾವಣದ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಮರಕೆಸುವಿನ ಎಲೆ ಸಿಗುವುದೂ ಅದೇ ಮಳೆಯಲ್ಲಿ. ಪತ್ರೊಡೆಗೆ ಅಕ್ಕಿ, ಒಣಮೆಣಸು, ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ ಹಾಕಿ ತರಿತರಿಯಾಗಿ ಗಟ್ಟಿಗೆ ರುಬ್ಬಬೇಕು. ಮಿಕ್ಸಿಗೆ ನೀರು ಹಾಕದಿದ್ದರೆ ತಿರುಗುವುದಿಲ್ಲ, ನೀರು ಹಾಕಿದರೆ ಹಿಟ್ಟು ಎಲೆಯ ಮೇಲೆ ನಿಲ್ಲುವುದಿಲ್ಲ. ಒರಳೇ ಗತಿ, ಒರಳೇ ಸರಿ.

ನಮ್ಮದು ಅಜ್ಜನ ಕಾಲದ ಒರಳು, ನೆಲದಲ್ಲಿ ಹೂತದ್ದು. ಮನೆ ರಿಪೇರಿ ಮಾಡುವಾಗ ಗುತ್ತಿಗೆದಾರ ಅದನ್ನು ಕಿತ್ತು ಹೊರಗಿಡಲು ಹೊರಟಿದ್ದ, ನಾನು ಬಿಡಲಿಲ್ಲ. ಅದನ್ನು ಉಳಿಸಿಕೊಳ್ಳಲು ಟೈಲ್ಸ್ ಸುತ್ತ ಕತ್ತರಿಸಿ ಕೂರಿಸಬೇಕಾಯಿತು, ಆ ಮೂಲೆಗೇ 2,800 ಹೆಚ್ಚುವರಿ ಕೇಳಿದ, ಕೊಟ್ಟೆ. ಕಲ್ಲು ನುಣುಪಾದರೆ ಅಕ್ಕಿ ಜಾರುತ್ತದೆ, ಉಳಿ ಹೊಡೆಸಬೇಕು. ಮೊದಲು ಕಲ್ಲು ಕುಟ್ಟುವವರು ಬೇಸಗೆಯಲ್ಲಿ ಮನೆಮನೆಗೆ ಬರುತ್ತಿದ್ದರು. ಈಗ ಬರುವುದಿಲ್ಲ. ಶೃಂಗೇರಿ ಕಡೆಯಿಂದ ಒಬ್ಬರನ್ನು ಹುಡುಕಿ ಕರೆಸಿದೆ. ಬಸ್ಸಿನ ಖರ್ಚು, ಊಟ, 600 ಕೂಲಿ. ಆಮೇಲೆ ಪುಡಿ ಹೋಗುವವರೆಗೆ ನೆನೆದ ಅಕ್ಕಿ, ತೌಡು ರುಬ್ಬಿ ಚೆಲ್ಲಿದ್ದು ಬೇರೆ. ಒಂದು ಪೈಸೆಯೂ ನಷ್ಟವಲ್ಲ.

ಹೊಳೆನರಸೀಪುರದ ಸೊಸೆ:
ಒರಳನ್ನು ಹೊಗಳುವ ಅಣ್ಣಂದಿರೆಲ್ಲ ಒಂದು ಮಾತು ಹೇಳಿ, ರುಬ್ಬುವವರು ಯಾರು? ನನ್ನ ತಾಯಿಯ ಬಲಭುಜ ಈಗ ಮೇಲೆತ್ತಲು ಬರುವುದಿಲ್ಲ. ಮದುವೆ ಮನೆಗಳಿಗೂ ಅಂಬೊಡೆಯ ಕಡಲೆಬೇಳೆ, ಹೋಳಿಗೆಯ ಹೂರಣ ರುಬ್ಬಿದ ಕೈ ಅದು. ಅಜ್ಜನ ಕಾಲದ ಒರಳು ಎನ್ನುತ್ತೀರಿ. ಅಜ್ಜ ರುಬ್ಬಿದರೇ?

ಕೊಪ್ಪ, ಹಳೇಮನೆ:
ಅಜ್ಜ ರುಬ್ಬಲಿಲ್ಲ, ನಾನು ರುಬ್ಬುತ್ತೇನೆ. ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ತೋಟದ ಕೆಲಸ ಮುಗಿಸಿ ಒರಳ ಮುಂದೆ ಕೂರುವವನು ನಾನು. ಗಂಡಸೆಂದು ಗೊತ್ತಾದ ಕೂಡಲೇ ಬಾಯಿ ಮಾತಿನವನು ಎಂದು ತೀರ್ಮಾನಿಸಬೇಡಿ. ನಿಮ್ಮ ತಾಯಿಯವರ ನೋವಿನ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಕಲ್ಲು ಕಾರಣವಲ್ಲ, ಇಡೀ ಮನೆಯ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದವರು ಕಾರಣ.

ಹೊಳೆನರಸೀಪುರದ ಸೊಸೆ:
ನೀವು ರುಬ್ಬುವುದು ನಿಜವಾದರೆ ಸಂತೋಷ. ನಿಮ್ಮಂಥವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಬೇಲೂರು, ಪೇಟೆ:
ಒರಳು ಬೇಕೆನ್ನುವವರಿಗೆ ಒಂದು ಸುಳಿವು. ನಮ್ಮ ಕಡೆ ಬಳಪದ ಕಲ್ಲಿನಲ್ಲಿ ಚಿಕ್ಕ ಒರಳು ಮಾಡಿಕೊಡುತ್ತಾರೆ, ನೋಡಲು ಬಲು ಚೆಂದ. ಕಟ್ಟೆಯ ಮೇಲೆ ಇಟ್ಟುಕೊಳ್ಳಬಹುದು. ನಾನು 1,900 ಕೊಟ್ಟು ತಂದೆ.

ಹಳೇಬೀಡಿನವರು:
ದಯವಿಟ್ಟು ಈ ಸಲಹೆ ಕೇಳಬೇಡಿ. ಬಳಪದ ಕಲ್ಲು ಉಗುರಿನಿಂದ ಗೀರಬಹುದಾದಷ್ಟು ಮೃದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳೆ, ಹಾರ, ಕೂದಲ ಸುರುಳಿಯವರೆಗೆ ಕೆತ್ತಲು ಸಾಧ್ಯವಾದದ್ದೇ ಆ ಜಾತಿಯ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ ಎಂಬುದರಿಂದ. ಅದರಲ್ಲಿ ಅಕ್ಕಿ ರುಬ್ಬಿದರೆ ಅಕ್ಕಿಯೇ ಕಲ್ಲನ್ನು ಅರೆಯುತ್ತದೆ, ಪುಡಿ ಹೊಟ್ಟೆಗೆ ಹೋಗುತ್ತದೆ. ಬಳಪದ ಕಲ್ಲು ಸಾರು ಕುದಿಸುವ ಪಾತ್ರೆಗೆ ಒಳ್ಳೆಯದು, ಬಿಸಿ ಬಹಳ ಹೊತ್ತು ಉಳಿಯುತ್ತದೆ. ರುಬ್ಬುವುದಕ್ಕೆ ಗಟ್ಟಿ ಕರಿಕಲ್ಲೇ ಆಗಬೇಕು.

ಬೇಲೂರು, ಪೇಟೆ:
ನನ್ನ ಒರಳಿನಲ್ಲಿ ಹುಚ್ಚೆಳ್ಳು ಚಟ್ನಿ ಚೆನ್ನಾಗಿಯೇ ಆಗುತ್ತಿದೆ. ಅಕ್ಕಿ ರುಬ್ಬುತ್ತೇನೆ ಎಂದು ನಾನೆಲ್ಲಿ ಹೇಳಿದೆ? ದೇವಸ್ಥಾನದ ಪಾಠ ನಮಗೇ ಹೇಳಬೇಕೇ?

ಮೂಡಿಗೆರೆ, ತೋಟದ ಮನೆ:
ವೋಲ್ಟೇಜಿನ ವಿಷಯ ಯಾರೂ ಎತ್ತಲಿಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ಆಳುಗಳಿಗೂ ತಿಂಡಿ ಆಗಬೇಕೆಂದು ನಾವು ಬಗ್ಗಿಸುವ ಗ್ರೈಂಡರ್, ಐದು ಲೀಟರಿನದು, ತಂದೆವು. 14,500. ಒಂದು ಸಂಜೆ ಕರೆಂಟು ಮಂಕಾಯಿತು, ಕಲ್ಲು ತಿರುಗದೆ ನಿಂತಿತು, ಮೋಟಾರು ಗುಂಯ್ ಎನ್ನುತ್ತಲೇ ಇತ್ತು. ಯಾರಾದರೂ ಸ್ವಿಚ್ ತೆಗೆಯುವಷ್ಟರಲ್ಲಿ ಸುಟ್ಟ ವಾಸನೆ. ವೈಂಡಿಂಗಿಗೆ 2,200, ಕೆಪಾಸಿಟರ್ 150, ಜೀಪಿನಲ್ಲಿ ಪೇಟೆಗೆ ಸಾಗಿಸಿದ್ದು, ಕಾದದ್ದು, ಅಷ್ಟೂ ದಿನ ಆಳುಗಳಿಗೆ ಉಪ್ಪಿಟ್ಟು. ಈಗ 3,600ರ ಸ್ಟೆಬಿಲೈಸರ್ ಇದೆ.

ಇನ್ನು ಗಟ್ಟಿ ಇಡ್ಲಿಗೆ ಅರ್ಧ ಕಾರಣ ಹುಳಿ ಬಾರದಿರುವುದು. ಇಲ್ಲಿ ಡಿಸೆಂಬರಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ರಾತ್ರಿ ಕಲಸಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟಂತೆಯೇ ಇರುತ್ತದೆ. ನಾವು ಬಚ್ಚಲೊಲೆಯ ಪಕ್ಕದಲ್ಲಿ ಪಾತ್ರೆ ಇಡುತ್ತೇವೆ. ಕೈಯಿಂದಲೇ ಕಲಸಬೇಕು, ಉಪ್ಪು ಬೆಳಿಗ್ಗೆ ಹಾಕಬೇಕು. ರಾತ್ರಿಯೇ ಉಪ್ಪು ಹಾಕಿದರೆ ಚಳಿಯಲ್ಲಿ ಹಿಟ್ಟು ಏಳುವುದಿಲ್ಲ.

ಕಡೂರಿನ ಮೇಷ್ಟ್ರು:
ಉಪ್ಪು ರಾತ್ರಿಯೇ ಹಾಕಬೇಕು. ಬೆಳಿಗ್ಗೆ ಹಾಕಿ ತಿರುವಿದರೆ ಎದ್ದ ಗಾಳಿಯೆಲ್ಲ ಹೋಗಿ ಹಿಟ್ಟು ಕುಸಿಯುತ್ತದೆ. ಉದ್ದಿನ ಲೋಳೆ ಹಿಡಿದಿಟ್ಟ ಗಾಳಿಯಿಂದಲೇ ಇಡ್ಲಿ ಹಗುರವಾಗುವುದು.

ಮೂಡಿಗೆರೆ, ತೋಟದ ಮನೆ:
ಕಡೂರು ಬಯಲುಸೀಮೆ, ನಿಮಗೆ ಅಲ್ಲಿ ಉಪ್ಪು ಹಾಕಿದರೂ ಹುಳಿ ಬರುತ್ತದೆ. ಒಂದೇ ಜಿಲ್ಲೆಯಾದ ಮಾತ್ರಕ್ಕೆ ಒಂದೇ ಹವೆಯಲ್ಲ. ನಮ್ಮ ಮನೆಯ ಹಿಟ್ಟಿನ ಬಗ್ಗೆ ಇಲ್ಲಿ ಬಂದು ನೋಡಿ ಹೇಳಿ.

ಹಾಸನ, ಕಟ್ಟಿನಕೆರೆ:
ನಾನು ಗ್ರೈಂಡರ್ ಮಾರಿಬಿಟ್ಟೆ. 4,800ಕ್ಕೆ ಕೊಂಡದ್ದು 1,500ಕ್ಕೆ ಹೋಯಿತು. ರುಬ್ಬುವುದು ಅರ್ಧ ಗಂಟೆ ಸರಿ, ತೊಳೆಯುವುದು? ಹನ್ನೆರಡು ಕೆ.ಜಿ.ಗೂ ಹೆಚ್ಚು ತೂಕದ ಯಂತ್ರದಿಂದ ಪಾತ್ರೆ ಎತ್ತಿ, ಗುಂಡುಕಲ್ಲು ಬಿಚ್ಚಿ, ಸಂದಿಯ ಹಿಟ್ಟು ತೆಗೆದು, ಒರೆಸಿ, ಒಣಗಿಸಿ ಇಡುವುದನ್ನು ಯಾರೂ ಬರೆದಿಲ್ಲ. ಸರಿಯಾಗಿ ಒಣಗದಿದ್ದರೆ ಮರುದಿನ ಹುಳಿ ವಾಸನೆ. ಅದೂ ಅಲ್ಲದೆ ನಾಲ್ಕು ಜನರ ಚಟ್ನಿಗೆ ಒಂದು ಹಿಡಿ ಕಾಯಿ ಹಾಕಿದರೆ ಕಲ್ಲಿಗೆ ಸಿಗುವುದೇ ಇಲ್ಲ, ಬದಿಗೆ ಅಂಟಿ ಕೂರುತ್ತದೆ. ಅಂದರೆ ಗ್ರೈಂಡರ್ ತಂದರೂ ಮಿಕ್ಸಿ ಬೇಕೇ ಬೇಕು. ಈಗ ನಮ್ಮ ಬೀದಿಯಲ್ಲಿ ಮನೆಯಲ್ಲೇ ಹಿಟ್ಟು ಮಾಡಿ ಮಾರುವ ಒಬ್ಬ ಅಮ್ಮ ಇದ್ದಾರೆ, ಅವರಿಂದ ಕೊಳ್ಳುತ್ತೇನೆ. ಅವರಿಗೂ ಸಂಪಾದನೆ, ನನಗೂ ನೆಮ್ಮದಿ.

ಹೊಳೆನರಸೀಪುರದ ಸೊಸೆ:
ಹಿಟ್ಟು ಕೊಂಡು ತರುವವರು ರುಬ್ಬುವ ಪ್ರಶ್ನೆಗೆ ಯಾಕೆ ಉತ್ತರಿಸಬೇಕು? ನಿನ್ನೆಯದೋ ಮೊನ್ನೆಯದೋ, ಉದ್ದು ಎಷ್ಟು, ಸೋಡಾ ಎಷ್ಟು, ಯಾರಿಗೆ ಗೊತ್ತು?

ಹಾಸನ, ಕಟ್ಟಿನಕೆರೆ:
ನನಗೆ ಗೊತ್ತು, ಅಕ್ಕ. ಅವರ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಗಂಡ ತೀರಿಕೊಂಡ ಮೇಲೆ ಆ ಹಿಟ್ಟಿನಿಂದಲೇ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಾರೆ. ಸೋಡಾ ಹಾಕುತ್ತಾರೆ ಎಂದು ನೋಡದೆ ಹೇಳಬೇಡಿ.

ಹೊಳೆನರಸೀಪುರದ ಸೊಸೆ:
ಆ ಅಮ್ಮನ ಬಗ್ಗೆ ನಾನು ಹೇಳಲಿಲ್ಲ, ಅಂಗಡಿಯ ಪೊಟ್ಟಣದ ಬಗ್ಗೆ ಹೇಳಿದೆ. ಅವರು ರುಬ್ಬುವುದೂ ಗ್ರೈಂಡರಿನಲ್ಲೇ ತಾನೇ?

ಹಾಸನ, ಬಾಡಿಗೆ ಮನೆ:
ಎಲ್ಲರಿಗೂ ವಂದನೆ. ಕೆಂಪು ಗುಂಡಿ ಸಿಕ್ಕಿತು ಮೇಷ್ಟ್ರೇ. ಸದ್ದಿನ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಕರೆಂಟು ಬಿಲ್ಲು ಏರುತ್ತದೆಯೇ ಎಂದೂ ಅತ್ತೆಯವರು ಕೇಳುತ್ತಿದ್ದಾರೆ.

ಕಡೂರಿನ ಮೇಷ್ಟ್ರು:
ಬಿಲ್ಲಿನಲ್ಲಿ ವ್ಯತ್ಯಾಸವಿಲ್ಲ, ಇದನ್ನು ಗ್ರೈಂಡರಿನವರ ಪರವಾಗಿಯೇ ಹೇಳುತ್ತೇನೆ. 150 ವ್ಯಾಟಿನ ಗ್ರೈಂಡರ್ 40 ನಿಮಿಷ ಓಡಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗ. 750 ವ್ಯಾಟಿನ ಮಿಕ್ಸಿ ಎಂಟು ನಿಮಿಷ ಪೂರ್ತಿ ಜೋರಿನಲ್ಲಿ ಓಡಿದರೂ ಅಷ್ಟೇ.

ಮೂಡಿಗೆರೆ, ತೋಟದ ಮನೆ:
ಸದ್ದು ಮಿಕ್ಸಿಗಿಂತ ಕಡಿಮೆ, ಆದರೆ ಬಹಳ ಹೊತ್ತು ಇರುತ್ತದೆ. ಅಡಿಗೆ ದಪ್ಪ ರಬ್ಬರ್ ಹಾಸಿ. ಗೋಡೆಗೆ ತಾಗಿಸಬೇಡಿ, ಕೆಳಗಿನ ಮನೆಗೆ ಸದ್ದು ಇಳಿಯುವುದು ಗೋಡೆಯ ಮೂಲಕ. ಮಧ್ಯಾಹ್ನ ರುಬ್ಬಿ. ಉಪ್ಪು ಬೆಳಿಗ್ಗೆ.

ಕಡೂರಿನ ಮೇಷ್ಟ್ರು:
ಹಾಸನದಲ್ಲಿ ಮೂಡಿಗೆರೆಯ ಚಳಿ ಇಲ್ಲ. ಅವರಿಗೆ ರಾತ್ರಿಯ ಉಪ್ಪೇ ಸರಿ.

ಕೊಪ್ಪ, ಹಳೇಮನೆ:
ಉಪ್ಪನ್ನು ರುಬ್ಬುವಾಗಲೇ ಹಾಕುವ ಮನೆಗಳೂ ಇವೆ, ನಮ್ಮದೂ ಒಂದು.

ಮೂಡಿಗೆರೆ, ತೋಟದ ಮನೆ:
ಕೊಪ್ಪದ ಮಳೆಗಾಲದಲ್ಲೂ? ಹಾಗಾದರೆ ಪಾತ್ರೆ ಎಲ್ಲಿಡುತ್ತೀರಿ, ಅದನ್ನು ಮೊದಲು ಹೇಳಿ.