‘ರೆಂಡರಿಂಗ್’ಗೆ ಕನ್ನಡದಲ್ಲಿ ಒಂದು ಪದ ಸಾಕಾ, ಎರಡು ಬೇಕಾ?

ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ.

ಇ-ಬುಕ್ ರೀಡರ್ (ಡಿಜಿಟಲ್ ಪುಸ್ತಕ ಓದೋ ಸಾಧನ) ಒಳಗೆ ಏನು ನಡೆಯುತ್ತದೆ ಅಂತ ಸಣ್ಣ ಲೇಖನ ಬರೆಯುತ್ತಾ ‘ರೆಂಡರಿಂಗ್’ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಅಂದರೆ ಕಡತದಲ್ಲಿರೋ ಅಕ್ಷರ ತೆರೆಯ ಮೇಲೆ ಕಾಣುವ ಹಾಗೆ ಮಾಡೋ ಕೆಲಸ. ಮೊದಲು ‘ಮೂಡಿಸುವುದು’ ಅಂತ ಹಾಕಿದ್ದೆ. ಮಂಡ್ಯದ ಭಾವನ ಮನೆಗೆ ಹೋಗಿ ಬರೋವರೆಗೆ ಅದು ಚೆನ್ನಾಗೇ ಇತ್ತು.

ಭಾವನ ಹತ್ತಿರ ಹಳೇ ರೀಡರ್ ಒಂದಿದೆ. ಕನ್ನಡ ಪುಸ್ತಕ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ‘ಸೂರ್ಯ’ ಹೋಗಿ ‘ಸೂರ್‌ಯ’ ಆಗಿತ್ತು. “ಪ್ರೊಸೆಸರ್ ಹಳೇದು ಕಣಯ್ಯ, ಕನ್ನಡ ಮೂಡಿಸೋ ತಾಕತ್ತಿಲ್ಲ” ಅಂದರು. ಅದೇ ರೀಡರ್‌ಗೆ ಕೋರೀಡರ್ ಅನ್ನೋ ಉಚಿತ ತಂತ್ರಾಂಶ ಹಾಕಿದೆ, ಅಕ್ಷರಗಳು ನೆಟ್ಟಗಾದವು. ಪ್ರೊಸೆಸರ್ ಅದೇ, ತೆರೆಯೂ ಅದೇ!

ಕಾರಣ ಇಷ್ಟೇ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಸೂರ್ಯ’ ಅಂದರೆ ಸ, ಊಕಾರದ ಗುರುತು, ರ, ಹಲಂತ, ಯ ಅಂತ ಸಾಲಾಗಿ ಐದು ಸಂಕೇತ. ರ ಮುಂಚೆ ಬಂದರೂ ಅರ್ಕಾವೊತ್ತು ಕೂರುವುದು ಯ ಆದಮೇಲೆ. ಯಾವುದು ಎಲ್ಲಿ ಕೂರಬೇಕು ಅಂತ ಫಾಂಟಿನ ನಿಯಮ ನೋಡಿ ಹೇಳೋದು ಹಾರ್ಫ್‌ಬಝ್ ತರಹದ ತಂತ್ರಾಂಶ, ಅದು ಕೋರೀಡರ್ ಒಳಗಿದೆ. ಥೇಟ್ ಹಳೇ ಪ್ರೆಸ್ಸಿನಲ್ಲಿ ಮೊಳೆ (ಲೋಹದ ಅಚ್ಚಕ್ಷರ) ಜೋಡಿಸುವವರ ಕೆಲಸ, ಅಲ್ವಾ? ಜೋಡಿಸಿದ್ದನ್ನು ಚುಕ್ಕಿಗಳ ಚಿತ್ರ ಮಾಡಿ ತೆರೆಗೆ ಒತ್ತೋದು ಅದಾದಮೇಲಿನ ಮಾತು. ಇಂಗ್ಲಿಷಿನವರು ಸಾಮಾನ್ಯವಾಗಿ ಎರಡನ್ನೂ ಸೇರಿಸಿ ರೆಂಡರಿಂಗ್ ಅಂದುಬಿಡುತ್ತಾರೆ, ಅವರಿಗೆ ಒತ್ತಕ್ಷರದ ಕಾಟ ಇಲ್ಲ.

ಹಾಗಂತ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದಾಗ ಅದೇ ರೀಡರ್ ತಿಣುಕುತ್ತದೆ. ಅಲ್ಲಿ ಪ್ರತಿ ಪುಟವೂ ಒಂದು ದೊಡ್ಡ ಚಿತ್ರ, ಅದನ್ನು ಬಿಚ್ಚಿ ತೆರೆಯ ಅಳತೆಗೆ ಕುಗ್ಗಿಸಬೇಕು, ಅದಕ್ಕೆ ಪ್ರೊಸೆಸರ್ ಮತ್ತು ಮೆಮೊರಿ ಎರಡೂ ಬೇಕು. ಅಮೆಜಾನ್‌ನವರ ರೀಡರ್ ಕಿಂಡಲ್ ಇದೆಯಲ್ಲ, 2007ರ ಮೊದಲ ಕಿಂಡಲ್‌ನಲ್ಲಿ ಇದ್ದದ್ದು 400 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ರ‍್ಯಾಮ್. ಬರೀ ಅಕ್ಷರ ಓದೋಕೆ ಅದು ಧಾರಾಳವಾಗಿ ಸಾಕಿತ್ತು.

ಪುಟ ತಿರುಗಿಸುವಾಗ ತೆರೆ ಒಮ್ಮೆ ಕಪ್ಪಾಗಿ ಮಿಂಚುತ್ತದಲ್ಲ, ಅದು ಬೇರೆಯೇ ಕಥೆ. ಇಂಥ ರೀಡರ್‌ಗಳ ಇ-ಇಂಕ್ ತೆರೆಯಲ್ಲಿ ಕಪ್ಪು ಬಿಳಿ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಸರಿಯಬೇಕು. ಎಂಥ ಜೋರು ಪ್ರೊಸೆಸರ್ ಹಾಕಿದರೂ ಕಣಗಳು ಅವುಗಳ ಪಾಡಿಗೆ ನಿಧಾನವೇ. ಹಿಂದಿನ ಪುಟದ ಮಸುಕು ಅಚ್ಚು ಉಳಿಯದಿರಲಿ ಅಂತ ಆ ಮಿಂಚು. ಇದಕ್ಕೆ ‘ಒರೆಸುವುದು’ ಅನ್ನಬಹುದು, ಸ್ಲೇಟು ಒರೆಸಿದ ಹಾಗೆ. ಇದರಲ್ಲಿ ನನಗೆ ಗೊಂದಲವಿಲ್ಲ.

ಈಗ ಪ್ರಶ್ನೆ. ತಂತ್ರಾಂಶ ಅಕ್ಷರ ಕಟ್ಟುವುದಕ್ಕೆ ‘ಮೊಳೆಜೋಡಣೆ’, ತೆರೆಯ ಮೇಲೆ ಬರುವುದಕ್ಕೆ ಮಾತ್ರ ‘ಮೂಡಿಸುವುದು’ ಅಂದರೆ ಹೇಗೆ? ಭಾವ ನಕ್ಕರು, “ಮೊಳೆ ಅಂದ್ರೆ ಬಡಗಿ ಹೊಡೀತಾನಲ್ಲ ಅದು” ಅಂತ. ಪ್ರೆಸ್ಸು ನೋಡದ ಹುಡುಗರಿಗೂ ಹಾಗೇ ಅನ್ನಿಸಬಹುದು. ‘ಅಕ್ಷರಜೋಡಣೆ’ ಅಂದರೆ ಸುಮ್ನೆ ಟೈಪ್ ಮಾಡೋದು, ಡಿಟಿಪಿ ಅಂದುಕೊಳ್ಳುತ್ತಾರೆ. ‘ಅಕ್ಷರ ಕಟ್ಟು’ ಸದ್ಯಕ್ಕೆ ನನ್ನ ಒಲವು, ಆದರೆ ‘ಕಟ್ಟು’ ಎಂಬುದಕ್ಕೆ ಈಗಲೇ ಅರ್ಥ ಜಾಸ್ತಿ.

ಮೈಸೂರಿನ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸಿದ ಹಿರಿಯರನ್ನು ಬಲ್ಲವರು ಯಾರಾದರೂ ಇದ್ದರೆ ಒಂದು ಮಾತು ಕೇಳಿ ಹೇಳುತ್ತೀರಾ? ಅಕ್ಷರದ ಕೆಳಗೆ ಒತ್ತು ಕೂರಿಸೋದಕ್ಕೆ ಅವರು ಏನಂತಿದ್ದರು?