ಅಪ್‌ಡೇಟ್: ಕಂಡಕ್ಟರ್ ತಮ್ಮನಿಗೆ ಪ್ರಯಾಣಿಕ ಹೊಡೆದ ವಿಷಯ

ಟಿಕೆಟ್ ಕೇಳಿದ್ದಕ್ಕೆ ಪ್ರಯಾಣಿಕನೊಬ್ಬ ನನ್ನ ತಮ್ಮನಿಗೆ ಹೊಡೆದಿದ್ದ, ಮೇಲಿನವರು "ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ, ಬಿಟ್ಟುಬಿಡು" ಅಂದಿದ್ದರು, ದೂರು ಕೊಡೋದಾ ಬೇಡ್ವಾ ಅಂತ ಕೇಳಿದ್ದೆ. ಕೊಟ್ಟಿದ್ದಾನೆ.

ನಿಮ್ಮಲ್ಲಿ ಹಲವರು ಹೇಳಿದ ಹಾಗೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಗಾಯದ ಬಗ್ಗೆ ಬರೆಸಿಕೊಂಡ. ಆಮೇಲೆ ಬಸ್ಸಿನ ಕ್ಯಾಮೆರಾ ರೆಕಾರ್ಡಿಂಗ್ ತೆಗೆದಿಡಿ ಅಂತ ಪತ್ರ ಬರೆದು ಕೊಟ್ಟ. ಇದನ್ನು ಮಾತ್ರ ತಡ ಮಾಡಬೇಡಿ, ಯಾಕಂದ್ರೆ ಹಳೆಯದರ ಮೇಲೆ ಹೊಸ ರೆಕಾರ್ಡಿಂಗ್ ತಾನಾಗಿ ಕೂರುತ್ತಾ ಹೋಗುತ್ತದೆ, ಅಳಿಸಿಹೋದ ಮೇಲೆ ಯಾರನ್ನು ಕೇಳಿದರೂ ಸಿಗಲ್ಲ. ಬರೀ ಬಾಯಲ್ಲಿ ಕೇಳಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಬಿಡಿ.

ಕಾರ್ಮಿಕ ಸಂಘದವರಿಂದ ಇನ್ನೊಂದು ವಿಷಯ ಗೊತ್ತಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಪ್ಪಂದ ಇರುವುದೇ ಕೆಲಸದಲ್ಲಿ ಆಗುವ ಹಿಂಸೆ, ಕಿರುಕುಳದ ಬಗ್ಗೆ. ಪ್ರಯಾಣಿಕರಂಥ ಹೊರಗಿನವರು ಮಾಡಿದ್ದೂ ಅದರ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಬಂದ 206ನೇ ಶಿಫಾರಸು ಅಪಾಯ ಜಾಸ್ತಿ ಇರುವ ಕೆಲಸಗಳನ್ನು ಹೆಸರಿಸುವಾಗ ಸಾರಿಗೆ, ರಾತ್ರಿ ಪಾಳಿ, ಒಂಟಿಯಾಗಿ ಮಾಡುವ ಕೆಲಸ ಮೂರನ್ನೂ ಹೇಳುತ್ತದೆ. ತಮ್ಮನದು ಮೂರೂ ಹೌದು! ಒಪ್ಪಂದಕ್ಕೆ ಬದ್ಧವಾಗಿರಬೇಕಾದ್ದು ಅದನ್ನು ಅನುಮೋದಿಸಿದ ದೇಶಗಳು ಮಾತ್ರ, ಆದರೂ ಪತ್ರದಲ್ಲಿ ಇದನ್ನು ಬರೆದ ಮೇಲೆ ಮೇಲಿನವರ ಮಾತಿನ ಧಾಟಿಯೇ ಬದಲಾಯಿತು.

ಕೇಸ್ ಇನ್ನೂ ನಡೀತಿದೆ. ಅವನು ಕೆಲಸಕ್ಕೆ ವಾಪಸ್ ಹೋಗಿದ್ದಾನೆ, ಆದರೆ ಯಾರಾದರೂ ದನಿ ಏರಿಸಿದರೆ ಸಾಕು, ಕೈ ನಡುಗುತ್ತದಂತೆ. ಸದ್ಯಕ್ಕೆ ಹಗಲು ಪಾಳಿ ಕೊಟ್ಟಿದ್ದಾರೆ. ಕೌನ್ಸೆಲಿಂಗ್ ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತಿದ್ದೇವೆ.