ಹೊಟ್ಟೆ ಖಾಲಿ ಇದ್ದಾಗ ಅಡಿಕೆ ದರ ಒಪ್ಪಬಾರದಾ? ಶುಗರ್‌ಗೂ ಮನೋಬಲಕ್ಕೂ ಏನು ಸಂಬಂಧ?

ರಾಶಿಇಡಿ (ತೀರ್ಥಹಳ್ಳಿ):
ನಮ್ಮ ಕಡೆ ಮಂಡಿಗೆ ಹೋಗುವ ದಿನ ಬಹಳಷ್ಟು ಜನ ಬರೀ ಕಾಫಿ ಕುಡಿದು ಬೆಳಗಿನ ಬಸ್ ಹತ್ತುತ್ತಾರೆ. ಶಿವಮೊಗ್ಗದಲ್ಲಿ ದರ ತಿಳಿದು "ಕೊಡೋದಾ, ಇಟ್ಕೊಳ್ಳೋದಾ" ಅಂತ ತೀರ್ಮಾನ ಮಾಡುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತೆ. ಈಗ ವಾಟ್ಸಾಪಲ್ಲಿ ಒಂದು ಸಂದೇಶ ಓಡಾಡ್ತಿದೆ: ಹಸಿದರೆ ಶುಗರ್ ಇಳಿಯುತ್ತೆ, ಮಿದುಳಿಗೆ ಇಂಧನ ಸಾಲಲ್ಲ, ಮನೋಬಲ ಕರಗುತ್ತೆ, ಅದಕ್ಕೇ ಸಿಕ್ಕ ದರಕ್ಕೆ ಹೂಂ ಅಂತೀವಿ, ಜೇಬಲ್ಲಿ ಗ್ಲೂಕೋಸ್ ಪುಡಿ ಇರಲಿ ಅಂತ. ಇಸ್ರೇಲಿನ ಜಡ್ಜ್‌ಗಳ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಇದರಲ್ಲಿ ಎಷ್ಟು ನಿಜ? ಅಂಥ ದಿನ ಏನು ತಿಂದು ಹೊರಡಬೇಕು? ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರ ಲೆಕ್ಕ ಬೇರೆಯಾ?

ತುಂಗಾತೀರ:
ಮೊದಲರ್ಧ ಹಳೇ ವಾದ, ಈಗ ಅಷ್ಟು ಗಟ್ಟಿಯಾಗಿ ನಿಂತಿಲ್ಲ.

ಮಿದುಳು ದೇಹದ ತೂಕದಲ್ಲಿ ಶೇ. 2 ಇದ್ದರೂ ಶಕ್ತಿಯಲ್ಲಿ ಸುಮಾರು ಶೇ. 20 ತಿನ್ನುತ್ತೆ, ದಿನಕ್ಕೆ ಹತ್ತಿರ ಹತ್ತಿರ 120 ಗ್ರಾಂ ಗ್ಲೂಕೋಸ್. ಅಂದರೆ ಗಂಟೆಗೆ 5 ಗ್ರಾಂ. ಈ ಬಳಕೆ ನಿದ್ದೆ ಮಾಡುವಾಗಲೂ ನಡೀತಾನೇ ಇರುತ್ತೆ. ತಲೆ ಕೆರೆದುಕೊಂಡು ಲೆಕ್ಕ ಹಾಕಿದಿರಿ ಅಂತ ಹೆಚ್ಚಾಗುವುದು ತೀರಾ ಅಲ್ಪ. ತಿಂಡಿ ಬಿಟ್ಟರೂ ಪಿತ್ತಜನಕಾಂಗ ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಡುತ್ತಾ ಹೋಗುತ್ತೆ. ದಾಸ್ತಾನು ಕಮ್ಮಿಯಾದರೆ ಹೊಸದಾಗಿ ತಯಾರಿಸುತ್ತೆ. ಹಾಗಾಗಿ ಆರೋಗ್ಯವಂತರಲ್ಲಿ ಒಂದು ಹೊತ್ತು ಉಪವಾಸ ಇದ್ದರೆ ಶುಗರ್ 70ರಿಂದ 100ರ ಒಳಗೇ ನಿಲ್ಲುತ್ತೆ. ಏಕಾದಶಿ ಮಾಡುವವರೆಲ್ಲ ಬುದ್ಧಿಗೆಟ್ಟು ಆಸ್ತಿ ಬರೆದುಕೊಡುವುದಿಲ್ಲವಲ್ಲ.

ಮನೋಬಲ ಬಳಸಿದಷ್ಟೂ ಖರ್ಚಾಗುತ್ತೆ ಅನ್ನುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಬಾಮೈಸ್ಟರ್ ತಂಡ 1998ರಲ್ಲಿ ಮಂಡಿಸಿದ ವಾದ. ಆ ಇಂಧನ ಗ್ಲೂಕೋಸೇ ಅಂತ 2007ರಲ್ಲಿ ಸೇರಿಸಿದರು, ಸಕ್ಕರೆ ಹಾಕಿದ ಶರಬತ್ತು ಕುಡಿದವರು ಮುಂದಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು ಅನ್ನುವ ಆಧಾರದ ಮೇಲೆ. ಆಮೇಲೆ 2012ರಲ್ಲಿ ಸಕ್ಕರೆ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗಿದವರಲ್ಲೂ ಅದೇ ಪರಿಣಾಮ ಕಾಣಿಸಿತು. ಹೊಟ್ಟೆಗೇ ಹೋಗದ ಸಕ್ಕರೆ ಇಂಧನ ಆಗೋದು ಹೇಗೆ? ನಾಲಿಗೆಗೆ ಸಕ್ಕರೆ ತಾಗಿದ್ದರಿಂದ ಉತ್ಸಾಹ ಏರಿದೆ, ಅಷ್ಟೇ. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮನೋಬಲ ಖರ್ಚಾಗುವ ಪ್ರಯೋಗವನ್ನೇ ಮತ್ತೆ ಮಾಡಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂತು.

ಕಡತಪ್ರಿಯ (ಶಿವಮೊಗ್ಗ):
ಜಡ್ಜ್‌ಗಳ ವಿಷಯ. 2011ರ ಅಧ್ಯಯನ, ಪೆರೋಲ್ (ಶಿಕ್ಷೆ ಮುಗಿಯುವ ಮುಂಚೆ ಷರತ್ತಿನ ಬಿಡುಗಡೆ) ಅರ್ಜಿಗಳು ಸಾವಿರದ ಮೇಲೆ. ವಿರಾಮ ಮುಗಿಸಿ ಕೂತ ತಕ್ಷಣ ಸುಮಾರು ಶೇ. 65 ಅರ್ಜಿ ಪಾಸು, ಮುಂದಿನ ವಿರಾಮ ಹತ್ತಿರವಾದಂತೆ ಸೊನ್ನೆಯ ಕಡೆಗೆ, ತಿಂದು ಬಂದ ಮೇಲೆ ಮತ್ತೆ ಶೇ. 65. ಅದೇ ವರ್ಷ ಬೇರೆಯವರು ಇದನ್ನು ಕೆದಕಿದರು. ಅರ್ಜಿಗಳು ಯದ್ವಾತದ್ವಾ ಬರುತ್ತಿರಲಿಲ್ಲ. ಒಂದು ಜೈಲಿನದು ಮುಗಿಸಿ ವಿರಾಮ ತಗೊಳ್ಳುವ ರೂಢಿ ಇತ್ತು, ವಕೀಲರಿಲ್ಲದ ಕೈದಿಗಳ ಸರದಿ ಸಾಮಾನ್ಯವಾಗಿ ಕೊನೆಗೆ ಬರುತ್ತಿತ್ತು. ವಕೀಲರಿಲ್ಲದವರ ಅರ್ಜಿ ಬಿದ್ದುಹೋಗುವುದು ಹೆಚ್ಚು. ಅದಲ್ಲದೆ ಅಲ್ಲಿ ಯಾರೂ ಯಾರ ರಕ್ತದ ಶುಗರನ್ನೂ ಅಳೆದಿರಲಿಲ್ಲ. ವಾಟ್ಸಾಪ್ ಸಂದೇಶದಲ್ಲಿ ಈ ಭಾಗ ಇರುವುದಿಲ್ಲ ಬಿಡಿ.

ರಾಶಿಇಡಿ:
ಹಾಗಾದರೆ ಹನ್ನೊಂದು ಗಂಟೆಗೆ ತಲೆ ಭಾರ, ಸಿಡುಕು, ಕಂಡ ಬಜ್ಜಿಗೆಲ್ಲ ಕೈ ಹಾಕೋದು, ಇದೆಲ್ಲ ಭ್ರಮೆಯಾ ಸರ್?

ಕೆಂಪಕ್ಕಿಗಂಜಿ (ಸಾಗರ):
ಭ್ರಮೆ ಅಲ್ಲ, ಕಾರಣ ಬೇರೆ. ಎರಡು ಮೂರು ಸೇರಿಕೊಂಡಿರುತ್ತವೆ.

ಒಂದು, ತಿಂದದ್ದೇ ಬರೀ ಪಿಷ್ಟ. ಅಕ್ಕಿ ಹಿಟ್ಟಿನ ತೂಕದ ಐದರಲ್ಲಿ ನಾಲ್ಕು ಪಾಲು ಪಿಷ್ಟ. ಎರಡು ದಪ್ಪ ಅಕ್ಕಿ ರೊಟ್ಟಿಗೆ 120 ಗ್ರಾಂ ಹಿಟ್ಟು ಹಿಡಿದರೆ 95 ಗ್ರಾಂ ಪಿಷ್ಟ ಒಟ್ಟಿಗೇ ಒಳಗೆ ಹೋದಂತೆ. ಮೇಲೆ ಜೋನಿ ಬೆಲ್ಲ ಬೇರೆ. ಶುಗರ್ ಬೇಗ ಏರುತ್ತೆ, ಇನ್ಸುಲಿನ್ ಸುರಿಯುತ್ತೆ, ಎರಡರಿಂದ ಮೂರು ಗಂಟೆಯ ಹೊತ್ತಿಗೆ ಕೆಲವರಲ್ಲಿ ತಿನ್ನುವ ಮುಂಚಿನ ಮಟ್ಟಕ್ಕಿಂತಲೂ ಕೆಳಗಿಳಿಯುತ್ತೆ. ಅಪಾಯದ ಮಟ್ಟ ಅಲ್ಲ, ಆದರೆ ಹಸಿವು ಕೆರಳುತ್ತೆ. 2021ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಶುಗರ್ ಅಳೆಯುವ ಸೆನ್ಸರ್ ಅಂಟಿಸಿ ನೋಡಿದಾಗ, ಹೀಗೆ ಜಾಸ್ತಿ ಇಳಿಯುವವರು ಮುಂದಿನ ಊಟವನ್ನು ಅರ್ಧ ಗಂಟೆ ಬೇಗ ತಿಂದರು, ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚು ತಿಂದರು. ಬಜ್ಜಿಗೆ ಕೈ ಹೋಗುವುದು ಇಲ್ಲಿಂದ.

ಎರಡು, ಕಾಫಿ. ದಿನಾ ನಾಲ್ಕು ಲೋಟ ಕುಡಿಯುವವರಿಗೆ ಅದು ತಪ್ಪಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸಿಡುಕು ಶುರು. ಇದನ್ನು "ಶುಗರ್ ಇಳಿದಿದೆ" ಅಂತ ತಿಳಿದು ಸಿಹಿ ತಿನ್ನುವವರು ಬಹಳ. ಮೂರು, ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿದು ಕೆಟ್ಟ ನಿದ್ದೆ. ಇದಕ್ಕೆ ಯಾವ ತಿಂಡಿಯೂ ಮದ್ದಲ್ಲ. ಮಧ್ಯಾಹ್ನ ಎರಡು ಮೂರರ ತೂಕಡಿಕೆ ಊಟ ಮಾಡದಿದ್ದರೂ ಬರುತ್ತೆ, ಅದು ದೇಹದ ಗಡಿಯಾರದ್ದು. ಭರ್ಜರಿ ಊಟ ಅದನ್ನು ಹೆಚ್ಚಿಸುತ್ತೆ ಅಷ್ಟೇ.

ಮಂಡಿ ದಿನದ ತಿಂಡಿ ಹೀಗಿರಲಿ: ರೊಟ್ಟಿ ಎರಡರ ಬದಲು ಒಂದು, ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಪಲ್ಯ ಅಥವಾ ಎರಡು ಮೊಟ್ಟೆ. ಪಲ್ಯ ಮೊದಲು, ರೊಟ್ಟಿ ಆಮೇಲೆ. ಈ ಕ್ರಮ ತಿರುಗಿಸಿದರೆ ಅದೇ ತಿಂಡಿಗೇ ಶುಗರ್ ಹೆಚ್ಚು ಏರುತ್ತೆ, ಯಾಕಂದರೆ ನಾರು, ಪ್ರೋಟೀನು ಮುಂಚೆ ಹೋಗಿದ್ದರೆ ಹೊಟ್ಟೆ ನಿಧಾನ ಖಾಲಿಯಾಗುತ್ತೆ. ಗಂಜಿ ಮಾಡುವುದಾದರೆ ಕುಸುಬಲಕ್ಕಿದು ಬೆಳ್ತಿಗೆಗಿಂತ ವಾಸಿ. ಆದರೆ ಕುದಿಸಿ ಕುದಿಸಿ ಅಂಟು ಮಾಡಿದರೆ ಆ ಲಾಭ ಹೋಯಿತು, ಅಗುಳು ಬಿಡಿಯಾಗಿ ಇರಬೇಕು. ಮಜ್ಜಿಗೆ ಹಾಕಿದ ಒಂದೆಲಗದ ತಂಬುಳಿ ಒಳ್ಳೇದೇ, ಆದರೆ ಅದರಲ್ಲಿ ಪ್ರೋಟೀನ್ ಹೆಚ್ಚಿಲ್ಲ, ಅದನ್ನೇ ನಂಬಿಕೊಳ್ಳಬೇಡಿ. ತಿಂದ ಮೇಲೆ 10-15 ನಿಮಿಷ ನಡೆದರೆ ಏರಿಕೆ ಇನ್ನೂ ತಗ್ಗುತ್ತೆ. ಬಸ್ಸಿಗೆ ಚೀಲದಲ್ಲಿ ಒಂದು ಹಿಡಿ ಹುರಿದ ಶೇಂಗಾ, ನೀರು. ಗ್ಲೂಕೋಸ್ ಪುಡಿ ಬೇಡ.

ತುಂಗಾತೀರ:
ಒಂದು ಸೇರಿಸ್ತೀನಿ. ಕೊಡುವ ಕನಿಷ್ಠ ದರವನ್ನು ಹಿಂದಿನ ರಾತ್ರಿಯೇ ಊಟ ಆದ ಮೇಲೆ ಚೀಟಿಯಲ್ಲಿ ಬರೆದಿಡಿ: "ಇಷ್ಟಕ್ಕಿಂತ ಕಮ್ಮಿ ಬಂದರೆ ವಾಪಸ್ಸು ಇಡೋದು" ಅಂತ, ಮನೆಯವರ ಎದುರಿಗೆ. ಹಸಿವು, ಗದ್ದಲ, ಬಸ್ಸಿನ ಹೊತ್ತು ಮೂರೂ ಒತ್ತುವಾಗ ಹೊಸದಾಗಿ ಯೋಚಿಸುವ ಕೆಲಸವೇ ಇರಬಾರದು. ತಿಂಡಿಗಿಂತ ಇದು ಹೆಚ್ಚು ಉಪಕಾರ ಮಾಡುತ್ತೆ ಅಂತ ನನ್ನ ಅಭಿಪ್ರಾಯ.

ಔಷಧಿಅಂಗಡಿ (ಹೊಸನಗರ):
ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇದ್ದದ್ದರಲ್ಲಿ ಮುಖ್ಯವಾದದ್ದು ಅದೇ.

ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಮೇಲೆ ಹೇಳಿದ "ಏನೂ ಆಗಲ್ಲ" ಅನ್ವಯಿಸುವುದಿಲ್ಲ. ಈ ಮಾತ್ರೆಗಳು ನೀವು ತಿಂದಿರಲಿ ಬಿಡಲಿ ಇನ್ಸುಲಿನ್ ಬಿಡಿಸುತ್ತವೆ. ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಶುಗರ್ ನಿಜಕ್ಕೂ ಕುಸಿಯುತ್ತೆ. 70ರ ಕೆಳಗೆ ಬೆವರು, ನಡುಕ, ಎದೆಬಡಿತ. 54ರ ಕೆಳಗೆ ಯೋಚನೆಯೇ ಎಡವುತ್ತೆ: ಕೂಡಿಸೋದು ತಪ್ಪುತ್ತೆ, ಹಟ ಬರುತ್ತೆ, "ನಂಗೇನೂ ಆಗಿಲ್ಲ" ಅಂತ ಜಗಳಕ್ಕೆ ನಿಲ್ತಾರೆ. ಪಕ್ಕದವರು ಕುಡಿದಿದ್ದಾರೆ ಅಂದ್ಕೋತಾರೆ. ಮೆಟ್‌ಫಾರ್ಮಿನ್ ಒಂದೇ ಆದರೆ ಹೀಗಾಗುವುದು ಅಪರೂಪ. ಬಿಪಿಗೆ ಅಟೆನೊಲಾಲ್, ಪ್ರೊಪ್ರನೊಲಾಲ್ ಥರದ ಮಾತ್ರೆ ಇದ್ದರೆ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಮುಚ್ಚಿಕೊಳ್ಳುವುದಿಲ್ಲ, ಅದನ್ನು ಗಮನಿಸಿ. ಹಿಂದಿನ ರಾತ್ರಿ ಖಾಲಿ ಹೊಟ್ಟೆಗೆ ಹೆಂಡ ಹಾಕಿದ್ದರೆ ಪಿತ್ತಜನಕಾಂಗ ಹೊಸ ಗ್ಲೂಕೋಸ್ ತಯಾರಿಸುವುದೂ ನಿಲ್ಲುತ್ತೆ, ಅಪಾಯ ಇಮ್ಮಡಿ.

ಲಕ್ಷಣ ಕಂಡರೆ: 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ ನೀರಿಗೆ ಕದಡಿ ಕುಡಿಸಿ. ಮನೆಯಲ್ಲಿದ್ದರೆ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು ಜೋನಿ ಬೆಲ್ಲವೂ ಆಗುತ್ತೆ. 15 ನಿಮಿಷ ಕಾದು ಮತ್ತೆ ಅಳೆಯಿರಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ದಾಟಿದ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿಸಿ, ಇಲ್ಲದಿದ್ದರೆ ಮಾತ್ರೆಯ ಪರಿಣಾಮ ಮುಗಿಯದೆ ಮತ್ತೆ ಇಳಿಯುತ್ತೆ. ಹೋಳಿಗೆ, ಚಾಕೊಲೇಟ್ ಕೊಡಬೇಡಿ, ಅದರಲ್ಲಿನ ಜಿಡ್ಡು ಸಕ್ಕರೆ ಹೀರುವುದನ್ನು ತಡಮಾಡುತ್ತೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಈ ಮಾತ್ರೆಗಳ ಜೊತೆಗೆ ಅಕಾರ್ಬೋಸ್, ವೊಗ್ಲಿಬೋಸ್ ಅನ್ನುವ ಶುಗರ್ ಮಾತ್ರೆಗಳನ್ನೂ ಸೇರಿಸಿ ಕೊಟ್ಟಿದ್ದರೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಅವು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅಂಥವರ ಜೇಬಲ್ಲಿ ಮಾತ್ರ ಗ್ಲೂಕೋಸ್ ಪುಡಿಯೇ ಇರಬೇಕು.

ರಾಶಿಇಡಿ:
ಇದು ಗೊತ್ತೇ ಇರಲಿಲ್ಲ, ಉಪಕಾರ ಆಯ್ತು. ಶುಗರ್ 70 ದಾಟಿತು ಅಂದರೆ ಬೈಕ್ ಹತ್ತಬಹುದಾ?

ಔಷಧಿಅಂಗಡಿ:
ತಕ್ಷಣ ಬೇಡ. ಮೀಟರಿನಲ್ಲಿ ಸರಿ ಕಂಡರೂ ಮಿದುಳು ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಗಾಡಿ ಓಡಿಸುವವರಿಗೆ ಮುಕ್ಕಾಲು ಗಂಟೆ ಕಾಯಿರಿ ಅಂತಲೇ ಹೇಳುವುದು. ಮಂಡಿಯ ಮಾರಾಟದ ಪಟ್ಟಿಗೆ ಸಹಿ ಹಾಕುವುದಿದ್ದರೆ ಅದನ್ನೂ ಅಷ್ಟು ಹೊತ್ತು ಮುಂದಕ್ಕೆ ಹಾಕಿ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಮಾತ್ರೆಯನ್ನು ನೀವೇ ಬಿಡಬೇಡಿ, ಅಳೆದ ಹೊತ್ತು, ಅಂಕಿ, ತಿಂದದ್ದು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಡೋಸ್ ಅಥವಾ ತಗೊಳ್ಳುವ ಹೊತ್ತು ಬದಲಿಸುತ್ತಾರೆ.